‘ಚೆನ್ನಾಗಿದ್ದೇನೆ’ ಎಂಬ ಮಾತಿನ ತೂಕ

ಮೊದಲ ಶುಕ್ರವಾರಗಳಂದು ನಾವು ಮೂಡುಬಿದಿರೆಯ ಒಂದು ಮನೆಗೆ, ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರಿಗೆ ಪರಮಪ್ರಸಾದವನ್ನು ಒಯ್ಯುತ್ತಿದ್ದೆವು. ಅವರ ಪತ್ನಿಯ ಆರೋಗ್ಯವನ್ನೂ ವಿಚಾರಿಸುತ್ತಿದ್ದೆವು. ಮೂರು ವರ್ಷವೂ ಅವರದು ಒಂದೇ ಉತ್ತರ: “ದೇವರ ದಯೆಯಿಂದ ಚೆನ್ನಾಗಿದ್ದೇನೆ, ಫಾದರ್.” ಆದರೆ ಮೊದಲ ವರ್ಷ ಭಾನುವಾರದ ಪೂಜೆಗೆ ನಡೆದು ಬರುತ್ತಿದ್ದವರು ಮರುವರ್ಷ ಆಟೋರಿಕ್ಷಾದಲ್ಲಿ ಬಂದರು. ಮೂರನೆಯ ವರ್ಷ ಅಂಗಳ ದಾಟುವುದೇ ಕಷ್ಟವಾಯಿತು. ಕಾರಣ ಕೇಳಿದಾಗ, “ಈ ಪ್ರಾಯಕ್ಕೆ ಇಷ್ಟು ಸಾಲದೇ?” ಎಂದರು.

ಅವರು ಸುಳ್ಳಾಡಲಿಲ್ಲ, ಅಳೆಯುವ ಕೋಲೇ ಮೊಟಕಾಗುತ್ತಾ ಬಂದಿತ್ತು. ತನ್ನನ್ನು ತಾನು ಅರಿಯುವುದು ಕಠಿಣವೆಂದು ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಕಲಿತದ್ದನ್ನು ಈ ತಾಯಿ ನಮಗೆ ಕಣ್ಣಾರೆ ತೋರಿಸಿದರು.

ಹಾಗೆಂದು ಹಿರಿಯರ ಮಾತು ಹಗುರವಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವೃದ್ಧರ ಕುರಿತು 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಆರೋಗ್ಯ ಕೆಟ್ಟದಾಗಿದೆ ಎಂದವರಿಗೆ, ಅತ್ಯುತ್ತಮವಾಗಿದೆ ಎಂದವರಿಗಿಂತ, ಬೇಗನೆ ಸಾಯುವ ಅಪಾಯವು ಸುಮಾರು ಮೂರು ಪಟ್ಟು ಇತ್ತು. 1997ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗಲೂ ಬಹುಪಾಲು ಇದೇ ಕಂಡುಬಂತು. ಆಯಾಸ, ಹಸಿವು, ನಿದ್ರೆಗಳ ಏರುಪೇರನ್ನು ವೈದ್ಯರಿಗಿಂತ ಮೊದಲು ಅರಿಯುವವರು ಅನುಭವಿಸುವವರೇ.

ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಆರಂಭದಲ್ಲಿ ಬಾಗಿಲು ತಟ್ಟಿ ಬರುವುದಿಲ್ಲ. ಆದುದರಿಂದಲೇ 2017–18ರಲ್ಲಿ 45 ವರ್ಷ ಮೀರಿದವರು ಹಾಗೂ ಅವರ ಸಂಗಾತಿಗಳು ಸೇರಿ 72,000ಕ್ಕೂ ಅಧಿಕ ಭಾರತೀಯರನ್ನು ಸಂದರ್ಶಿಸಿದ ರಾಷ್ಟ್ರೀಯ ವಾರ್ಧಕ್ಯ ಸಮೀಕ್ಷೆಯು ಅವರ ಅಭಿಪ್ರಾಯವನ್ನು ಕೇಳಿದ್ದಲ್ಲದೆ ರಕ್ತದೊತ್ತಡವನ್ನೂ ಅಳೆಯಿತು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ, ಮುಂಬಯಿಯಲ್ಲಿ ದುಡಿಯುವ ಮಕ್ಕಳೇ, ಫೋನಿನಲ್ಲಿ “ಅಮ್ಮಾ, ಹೇಗಿದ್ದೀರಿ?” ಎಂದಷ್ಟೇ ಕೇಳಿ ನೆಮ್ಮದಿಪಡಬೇಡಿ. ಇಗರ್ಜಿಗೆ ನಡೆದು ಹೋದಿರಾ, ಮೆಟ್ಟಿಲು ಹತ್ತುವಾಗ ಏದುಸಿರು ಬಂತೇ, ರಾತ್ರಿ ಊಟ ಸೇರಿತೇ ಎಂದು ಕೇಳಿರಿ. ಮೂರು ತಿಂಗಳಿಗೊಮ್ಮೆ ಅದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದಿಡಿರಿ. ನೆನಪಿಗಿಂತ ಪುಸ್ತಕ ಪ್ರಾಮಾಣಿಕ. ಸದಾ ‘ಚೆನ್ನಾಗಿದ್ದೇನೆ’ ಎನ್ನುವವರು ಒಮ್ಮೆ ‘ಮೊದಲಿನಂತಿಲ್ಲ’ ಎಂದರೆ ವೈದ್ಯರ ಬಳಿ ಕರೆದೊಯ್ಯಲು ತಡಮಾಡಬೇಡಿ.

ಆ ತಾಯಿಯನ್ನು ಮಗಳು ವೈದ್ಯರಿಗೆ ತೋರಿಸಿದಾಗ ಹೃದಯ ದುರ್ಬಲವಾಗಿರುವುದು ತಿಳಿಯಿತು. ಮಾತ್ರೆಗಳ ಬಲದಿಂದ ಈಗ ಅವರು ಪುನಃ ರಿಕ್ಷಾದಲ್ಲಿ ಪೂಜೆಗೆ ಬರುತ್ತಿದ್ದಾರೆ.

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಆರಂಭಿಸಿದ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ದಿನವನ್ನು ನಾವು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಆಚರಿಸುತ್ತೇವೆ. ಅಂದು ಹೂ ಕೊಟ್ಟರಷ್ಟೇ ಸಾಲದು. ಪಕ್ಕದಲ್ಲಿ ಕುಳಿತು, ಎರಡನೆಯ ಪ್ರಶ್ನೆಯನ್ನೂ ಕೇಳೋಣ.