ಶ್ರೀಶೈಲ: ನಾಮಾರ್ಥ ಮತ್ತು ಸ್ಥಳಮಹಿಮೆ



ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಾದಿಗಳಲ್ಲಿ ಕಂಬಿ ಹೊತ್ತ ಭಕ್ತರು ಮಲ್ಲಯ್ಯನನ್ನು ಕೂಗಿ ಕರೆಯುತ್ತ ಮೂಡಣಕ್ಕೆ ನಡೆಯುತ್ತಾರೆ. ಹಾಗೆ ಹೊರಟಿದ್ದ ತರುಣನೊಬ್ಬನು ನಮ್ಮ ಬಳಿಗೆ ಬಂದನು. ತಂದೆ ಹೊರುತ್ತಿದ್ದ ಕಂಬಿ ಈಗ ಇವನ ಹೆಗಲಿಗೆ ಬಂದಿದೆ. ತಂದೆಗೆ ಮೊಣಕಾಲು ನೋವು, ನಡೆಯಲಾರನು. ತರುಣನು ಕೇಳಿದನು: “ಅಪ್ಪಾವ್ರ, ಅಂಗೈಯಾಗ ಲಿಂಗ ಐತಿ. ಮತ್ತ ಗುಡ್ಡಕ್ಕ ಯಾಕ ಹೋಗಬೇಕ್ರಿ?”

ಈ ಪ್ರಶ್ನೆ ಹಗುರವಾದುದಲ್ಲ. ಮೊದಲು ಆ ಗಿರಿಯ ಹೆಸರನ್ನು ವಿಚಾರಿಸೋಣ.

ಶಿಲೆಗಳುಳ್ಳದ್ದು ಶೈಲ. ‘ಪರ್ವ’ವೆಂದರೆ ಗಿಣ್ಣು, ಕಬ್ಬಿನಂತೆ ಗಿಣ್ಣುಗಿಣ್ಣಾಗಿ ಏರಿದ್ದು ಪರ್ವತ. ‘ಶ್ರೀ’ ಎಂದರೆ ಸಂಪತ್ತು, ಕಾಂತಿ, ಮಂಗಳ. ಆದುದರಿಂದ ಶ್ರೀಶೈಲ, ಶ್ರೀಗಿರಿ, ಶ್ರೀಪರ್ವತ ಮೂರೂ ಒಂದೇ ಅರ್ಥದ ಹೆಸರುಗಳು. ಸ್ಥಳಪುರಾಣವು ಬೇರೆ ಬಗೆಯಲ್ಲಿ ಹೇಳುತ್ತದೆ: ಶಿಲಾದ ಮುನಿಯ ಮಗನಾದ ಪರ್ವತನು ತಪಸ್ಸು ಮಾಡಿ, ಶಿವನು ನೆಲೆಸುವ ಗಿರಿಯೇ ತಾನಾಗಬೇಕೆಂದು ವರ ಬೇಡಿದನು. ಸ್ವಾಮಿಯನ್ನು ಹೊರುವ ಭಾಗ್ಯವನ್ನೇ ಬೇಡಿದ ಭಕ್ತನೀತ.

ಶ್ರೀಪರ್ವತವೆಂಬ ಹೆಸರು ಬಹು ಹಳೆಯದು. ನಮ್ಮ ತಾಳಗುಂದದ ಶಾಸನವು ಕದಂಬ ಮಯೂರಶರ್ಮನನ್ನು ಕುರಿತು ಹೇಳುವಾಗ, ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ಅಡವಿಯನ್ನು ಅವನು ವಶಪಡಿಸಿಕೊಂಡನೆನ್ನುತ್ತದೆ. ಭವಭೂತಿಯ ‘ಮಾಲತೀಮಾಧವ’ ನಾಟಕದಲ್ಲಿ ಅದು ಮಂತ್ರಸಿದ್ಧಿಯ ತಾಣವಾಗಿ ಬರುತ್ತದೆ. ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಪರ್ವತಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. 1677ರಲ್ಲಿ ಶಿವಾಜಿ ಮಹಾರಾಜರು ಇಲ್ಲಿಗೆ ಬಂದು ಸೇವೆ ಸಲ್ಲಿಸಿದರು.

ಇನ್ನು ಮಲ್ಲಿಕಾರ್ಜುನ ನಾಮ. ‘ಮಲ್ಲಿಕಾ’ ಎಂದರೆ ಮಲ್ಲಿಗೆ. ‘ಅರ್ಜುನ’ವೆಂದರೆ ಬಿಳುಪು, ಮತ್ತಿಯ ಮರವೂ ಹೌದು. ರಾಜಪುತ್ರಿ ಚಂದ್ರಾವತಿಯು ದಿನವೂ ಮಲ್ಲಿಗೆಯ ಮಾಲೆಯಿಂದ ಪೂಜಿಸಿದಳೆಂಬುದು ಪುರಾಣಕಥೆ. ‘ಮಲೆ’ ಎಂಬ ಕನ್ನಡದ ಶಬ್ದದಿಂದ ಮಲೆಯ ಮಲ್ಲಯ್ಯನಾದನೆಂದು ಹೇಳುವ ವಿದ್ವಾಂಸರೂ ಇದ್ದಾರೆ. ನಲ್ಲಮಲೆಯ ಕಾಡಿನ ಚೆಂಚುಗಳಂತೂ ಅವನನ್ನು ತಮ್ಮ ಕುಲದ ಅಳಿಯನೆಂದು ಭಾವಿಸಿ ಚೆಂಚು ಮಲ್ಲಯ್ಯನೆನ್ನುತ್ತಾರೆ. ಸಂಸ್ಕೃತವನ್ನೋದಿದ ನಮಗೆ ಮೊದಲ ಅರ್ಥ ಪ್ರಿಯ. ಆದರೂ ಕಾಡಿನವರು ಬಂಧುವೆಂದು ಕರೆದ ಹೆಸರು ಅದಕ್ಕಿಂತ ಕಿರಿದೆನ್ನಲಾರೆವು.

ಈಗ ತರುಣನ ಪ್ರಶ್ನೆಗೆ ಬರೋಣ. ಸ್ಥಾವರಪೂಜೆ, ತೀರ್ಥಯಾತ್ರೆಗಳಲ್ಲೇ ಮುಕ್ತಿಯನ್ನರಸುವುದನ್ನು ಶರಣರು ಒಪ್ಪಲಿಲ್ಲ. ಆದರೂ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು. ಅಕ್ಕನೂ ಅಲ್ಲಮಪ್ರಭುವೂ ಕದಳಿಯಲ್ಲಿ ಐಕ್ಯರಾದರೆಂದು ಪರಂಪರೆ ನಂಬಿದೆ. ಇದು ವಿರೋಧವೆ? ಅಲ್ಲ. ಅವರು ಫಲ ಬೇಡಲು ಹೋದವರಲ್ಲ. ಶರಣರ ಮಾತಿನಲ್ಲಿ ಕದಳಿಯೆಂದರೆ ಬಾಳೆಯ ತೋಟ ಮಾತ್ರವಲ್ಲ, ಈ ತನು ಮತ್ತು ಮನ. ಅದನ್ನು ದಾಟಿದವನಿಗೇ ಬೆಟ್ಟ ಹತ್ತಿದ ಫಲ.

ಸೊನ್ನಲಿಗೆಯ ಸಿದ್ಧರಾಮನ ಕಥೆಯನ್ನು ರಾಘವಾಂಕನು ಹೇಳಿದ್ದಾನೆ. ದನ ಕಾಯುವ ಬಾಲಕನ ಬಳಿಗೆ ಜಂಗಮರೂಪದ ಮಲ್ಲಯ್ಯನು ಬಂದು ಹಸಿವೆಂದನು. ಬಾಲಕನು ಉಣಿಸನ್ನು ತರುವಷ್ಟರಲ್ಲಿ ಅವನಿಲ್ಲ. ಅಳುತ್ತ ಯಾತ್ರಿಕರೊಡನೆ ಶ್ರೀಶೈಲಕ್ಕೆ ಹೋದನು. ಮಲ್ಲಯ್ಯನು ದರ್ಶನವಿತ್ತನು, ಆದರೆ ಅಲ್ಲಿಯೇ ಇಟ್ಟುಕೊಳ್ಳಲಿಲ್ಲ, ಊರಿಗೆ ಹಿಂದಿರುಗಿಸಿದನು. ಸಿದ್ಧರಾಮನು ಮರಳಿ ಬಂದು ಕೆರೆ ಕಟ್ಟಿಸಿ, ಸೊನ್ನಲಿಗೆಯನ್ನೇ ಶ್ರೀಶೈಲವಾಗಿಸಿದನು.

ಆದುದರಿಂದ ನಾವು ಆ ತರುಣನಿಗೆ ಹೇಳಿದೆವು: “ಹೋಗಿ ಬಾ ಮಗು. ಇಷ್ಟಲಿಂಗಪೂಜೆಯನ್ನು ದಾರಿಯಲ್ಲಿ ಒಂದು ದಿನವೂ ಬಿಡಬೇಡ. ಕಾಡಿನಲ್ಲಿ ಕಸ ಚೆಲ್ಲಬೇಡ, ಅದು ಚೆಂಚುಗಳ ಮನೆಯಂಗಳ. ಮರಳಿ ಬಂದು ತಂದೆಯ ಕಾಲಿಗೆ ಎಣ್ಣೆ ತಿಕ್ಕು. ಅವನು ಕುಳಿತಲ್ಲಿಗೆ ಪರ್ವತವನ್ನು ತಂದಂತೆ ಆಗುತ್ತದೆ.”

ಬೆಟ್ಟಕ್ಕೆ ಹೋಗಲಾರದ ತಾಯಂದಿರೂ ವೃದ್ಧರೂ ಮರುಗಬೇಕಾಗಿಲ್ಲ. ಸ್ವಾಮಿಯನ್ನು ಹೊರಬೇಕೆಂದು ಬೇಡಿದವನೇ ಪರ್ವತನಾದನು. ಲಿಂಗವನ್ನು ಹೊತ್ತ ನಿಮ್ಮ ದೇಹವೂ ಶ್ರೀಪರ್ವತವೇ. ಅದನ್ನು ಶುಚಿಯಾಗಿ, ಸತ್ಯವಾಗಿ ಇಟ್ಟುಕೊಳ್ಳಿರಿ.

ಮಲ್ಲಿಕಾರ್ಜುನನು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.