ನಾಲ್ವರ ತಂಡಕ್ಕೆ ಯಾವ ತಂತ್ರಾಂಶ?

ಕಾಲೇಜಿನ ವಾರ್ಷಿಕ ಸಂಚಿಕೆ ಹೊರತರುವ ಹೊಣೆ ನಾಲ್ವರು ವಿದ್ಯಾರ್ಥಿಗಳ ಹೆಗಲೇರಿದೆ ಎನ್ನಿ. ಒಬ್ಬ ಲೇಖನ ತಿದ್ದುತ್ತಾನೆ, ಒಬ್ಬಳು ಚಿತ್ರ ಬರೆಯುತ್ತಾಳೆ, ಇನ್ನೊಬ್ಬಳು ಫೋಟೊ ನೋಡಿಕೊಳ್ಳುತ್ತಾಳೆ, ಪುಟ ಕಟ್ಟುವುದು ನಾಲ್ಕನೆಯವನ ಪಾಲು. ಮೊದಲ ದಿನವೇ ಜಗಳ. ಫೋಟೊಶಾಪ್ ಇಲ್ಲದೆ ಆಗದು ಎಂದು ಒಬ್ಬರು, ಕೋರೆಲ್‌ಡ್ರಾ ಸಾಕು ಎಂದು ಮತ್ತೊಬ್ಬರು. ಮನೆಯಲ್ಲಿ ಅಪ್ಪನ ಚಿಂತೆಯೇ ಬೇರೆ: ತಿಂಗಳು ತಿಂಗಳು ಅದಕ್ಕೆ ಹಣ ಕಟ್ಟುವವರು ಯಾರು?

ಒಂದು ಸಂಗತಿ ತಿಳಿದರೆ ಈ ಜಗಳ ಅರ್ಧ ತೀರುತ್ತದೆ. ಗಣಕಯಂತ್ರ ಚಿತ್ರವನ್ನು ಎರಡು ಬಗೆಯಲ್ಲಿ ಇಟ್ಟುಕೊಳ್ಳುತ್ತದೆ. ಫೋಟೊ ಎಂದರೆ ರಂಗೋಲಿಯ ಚುಕ್ಕಿಗಳಂತೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಬಿಂದುಗಳು. ಥಾಮಸ್ ಮತ್ತು ಜಾನ್ ನೋಲ್ ಸೋದರರು ರೂಪಿಸಿ, 1990ರಲ್ಲಿ ಅಡೋಬಿ ಸಂಸ್ಥೆ ಮಾರುಕಟ್ಟೆಗೆ ತಂದ ಫೋಟೊಶಾಪ್ ಹುಟ್ಟಿದ್ದು ಇವಕ್ಕಾಗಿ. ಉಚಿತವಾಗಿ ಸಿಗುವ ಗಿಂಪ್ ಕೂಡ ಅದೇ ಕೆಲಸದ್ದು. ಇನ್ನೊಂದು ಬಗೆ ವೆಕ್ಟರ್. ಇಲ್ಲಿ ಗೆರೆಯ ತುದಿ, ಬಾಗು, ದಪ್ಪ ಎಲ್ಲವೂ ಗಣಿತದ ಸೂತ್ರ. ಕೋರೆಲ್‌ಡ್ರಾ, ಇಲಸ್ಟ್ರೇಟರ್, ಉಚಿತವಾದ ಇಂಕ್‌ಸ್ಕೇಪ್ ಈ ಜಾತಿಯವು. ಕಾಲೇಜಿನ ಲಾಂಛನವನ್ನು ವೆಕ್ಟರ್‌ನಲ್ಲಿ ಬರೆದರೆ ಅಂಚೆಚೀಟಿಯಷ್ಟು ಕುಗ್ಗಿಸಿದರೂ ಗೋಡೆಯಷ್ಟು ಹಿಗ್ಗಿಸಿದರೂ ಅಂಚು ಕೆಡದು. ಫೋಟೊ ಹಾಗಲ್ಲ. ಅಚ್ಚಿಗೆ ಅಂಗುಲಕ್ಕೆ 300 ಬಿಂದು ಬೇಕೆಂಬುದು ರೂಢಿ. 600 ಬಿಂದು ಅಗಲದ ಚಿತ್ರ ಎರಡೇ ಅಂಗುಲಕ್ಕೆ ಚೆನ್ನ. ಅದನ್ನೇ ಪುಟದಗಲ ಎಳೆದರೆ ಪ್ರಾಂಶುಪಾಲರ ಮುಖ ಚೌಕಚೌಕವಾಗಿ ಒಡೆದು ಕಾಣುತ್ತದೆ! ಪುಟ ಕಟ್ಟುವ ಕೆಲಸಕ್ಕೆ ಇವೆರಡೂ ಅಲ್ಲ, ಇನ್‌ಡಿಸೈನ್ ಇಲ್ಲವೆ ಸ್ಕ್ರೈಬಸ್ ಬೇಕು. ಸ್ಕ್ರೈಬಸ್‌ಗೂ ದುಡ್ಡು ಕೊಡಬೇಕಿಲ್ಲ.

ಕನ್ನಡದ ತಂಡಕ್ಕೆ ಇನ್ನೊಂದು ಪರೀಕ್ಷೆ ಉಂಟು. ಯಾವ ತಂತ್ರಾಂಶವನ್ನೇ ಆಗಲಿ ಒಪ್ಪುವ ಮೊದಲು ಅದರಲ್ಲಿ 'ಸ್ತ್ರೀ', 'ಸೂರ್ಯ', 'ವೈಶಿಷ್ಟ್ಯ' ಎಂದು ಯೂನಿಕೋಡ್‌ನಲ್ಲಿ ಬರೆದು ನೋಡಬೇಕು. 'ಸೂರ್ಯ'ದಲ್ಲಿ ರಕಾರ ಕಡತದೊಳಗೆ ಯಕಾರಕ್ಕಿಂತ ಮೊದಲು ಕೂತಿರುತ್ತದೆ; ತೆರೆಯ ಮೇಲೆ ಅರ್ಕಾವೊತ್ತಾಗಿ ಅದರ ನಂತರ ಕಾಣಬೇಕು. ಈ ಅದಲುಬದಲು ಅರಿಯದ ತಂತ್ರಾಂಶದಲ್ಲಿ ಒತ್ತಕ್ಷರಗಳು ಚದುರಿಬೀಳುತ್ತವೆ. ಅಡೋಬಿಯ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳ ಜೋಡಣೆಯನ್ನು ಆರಿಸಿಕೊಳ್ಳದೆ ಕನ್ನಡ ಸರಿಬಾರದಿರುವುದುಂಟು. ದೋಷ ಅಕ್ಷರಶೈಲಿಯದೆಂದು ಮಕ್ಕಳು ದಿನಗಟ್ಟಲೆ ಹುಡುಕುತ್ತಾರೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ಲೇಖನವಾದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಬ್ಬ ತಿದ್ದಿದ್ದನ್ನು ಮತ್ತೊಬ್ಬ ಓದಲಾರ.

ಕಡತದ ಆಯುಸ್ಸನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. 1985ರಲ್ಲಿ ಆಲ್ಡಸ್ ಸಂಸ್ಥೆ ಹೊರತಂದ ಪೇಜ್‌ಮೇಕರ್ ಒಂದು ಕಾಲಕ್ಕೆ ಮುದ್ರಣಾಲಯಗಳ ಅನ್ನದಾತ. 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು, ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರಲ್ಲಿ ಬಂತು. ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ನೇರವಾಗಿ ತೆರೆಯದು. ಫ್ರೀಹ್ಯಾಂಡ್ ಎಂಬ ವೆಕ್ಟರ್ ತಂತ್ರಾಂಶದ ಬೆಳವಣಿಗೆಯೂ 2007ರಲ್ಲಿ ನಿಂತುಹೋಯಿತು. 2013ರಿಂದ ಅಡೋಬಿ ತನ್ನ ಹೊಸ ಆವೃತ್ತಿಗಳನ್ನು ಚಂದಾ ಕಟ್ಟಿದವರಿಗಷ್ಟೇ ಕೊಡತೊಡಗಿತು. ಚಂದಾ ನಿಂತರೆ ಕಡತ ಕೈಯಲ್ಲೇ ಇರುತ್ತದೆ, ತೆರೆಯುವ ಕೀಲಿಕೈ ಇರುವುದಿಲ್ಲ. ಇಂಕ್‌ಸ್ಕೇಪ್ ಕಡತ ಎಸ್‌ವಿಜಿ ಎಂಬ ಮುಕ್ತ ರೂಪದ್ದು. ಬೇರೆ ತಂತ್ರಾಂಶಗಳೂ ಅದನ್ನು ಓದಬಲ್ಲವು. ಮುಂದಿನ ವರ್ಷದ ತಂಡಕ್ಕೆ ಲಾಂಛನ ದಾಟಿಸಲು ಇಷ್ಟು ಸಾಕು.

ನಾಲ್ವರೂ ಏಕಕಾಲಕ್ಕೆ ಒಂದೇ ಪುಟದಲ್ಲಿ ಕೈಯಾಡಿಸಬೇಕೆಂದರೆ 2016ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಫಿಗ್ಮಾ ಇದೆ. ಬ್ರೌಸರಿನಲ್ಲೇ ನಡೆಯುತ್ತದೆ. (ಇದನ್ನು 2,000 ಕೋಟಿ ಡಾಲರಿಗೆ ಕೊಳ್ಳಲು 2022ರಲ್ಲಿ ಮುಂದಾಗಿದ್ದ ಅಡೋಬಿ, ಯುರೋಪ್ ಮತ್ತು ಬ್ರಿಟನ್‌ನ ನಿಯಂತ್ರಕರು ತಕರಾರು ತೆಗೆದದ್ದರಿಂದ ಮರುವರ್ಷ ಕೈಬಿಟ್ಟಿತು.) ಆದರೆ ಅದು ಜಾಲತಾಣ, ಮೊಬೈಲ್ ಆ್ಯಪ್‌ಗಳ ವಿನ್ಯಾಸಕ್ಕೆಂದು ಮಾಡಿದ್ದು, ಅಂತರಜಾಲ ಕೈಕೊಟ್ಟರೆ ಕಷ್ಟ. ಅಚ್ಚಾಗುವ ಸಂಚಿಕೆಗೆ ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಮೂರೇ ಸಾಕು. ಕಲಿಯಲು ಒಂದಿಷ್ಟು ತಾಳ್ಮೆ ಬೇಡುತ್ತವೆ, ಅಷ್ಟೆ.

ಎಲ್ಲಕ್ಕೂ ಮೊದಲು ಒಂದೇ ಒಂದು ಪುಟ ಸಿದ್ಧಪಡಿಸಿ, ಫಾಂಟ್ ಒಳಗೂಡಿಸಿದ ಪಿಡಿಎಫ್ ಮಾಡಿ ಮುದ್ರಣಾಲಯಕ್ಕೆ ಒಯ್ಯುವುದು ಲೇಸು. ಅದರಲ್ಲಿ ಒಂದು ಫೋಟೊ, ಲಾಂಛನ, 'ಸ್ತ್ರೀ' ಎಂಬ ಪದ ಇರಲಿ. ಉಳಿದ ಪುಟಗಳಿಗೆ ಕೈಹಚ್ಚುವುದು ಅಲ್ಲಿನ ಯಂತ್ರದಲ್ಲಿ ಇದು ಸರಿಯಾಗಿ ಅಚ್ಚಾದ ಮೇಲೆ.