ಡೌನ್‌ಲೋಡ್ ಪುಕ್ಕಟೆ, ಸಿಡಿ ದುಬಾರಿ: ಎಷ್ಟು ನಿಜ?

ವಡಗೇರಾ ಕಡೆ ಭಜನೆ ಪದಗಳ ಹುಚ್ಚಿರುವವರನ್ನು ಕೇಳಿದರೆ, ‘ಮೊಬೈಲ್‌ನಾಗ ಪುಕ್ಕಟ ಸಿಗ್ತಾವ, ಸಿಡಿಗೆ ಯಾಕ ರೊಕ್ಕ ಹಾಕಬೇಕ್ರಿ?’ ಎಂಬ ಉತ್ತರ ಬರುತ್ತದೆ. ಈ ಲೆಕ್ಕದಲ್ಲಿ ತಪ್ಪುಗಳಿವೆ.

ಸಿಡಿಗೆ ಕೊಡುವ ದುಡ್ಡು ಬಿಲ್ಲೆಯ ಬೆಲೆಯಲ್ಲ. 12 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್, ಮೇಲೊಂದು ತೆಳು ಅಲ್ಯೂಮಿನಿಯಂ ಲೇಪ. ಅದರ ಖರ್ಚು ಅಲ್ಪ. ಹಾಡುಗಾರ, ಹಾರ್ಮೋನಿಯಂ, ತಬಲಾದವರ ಸಂಭಾವನೆ, ಸ್ಟುಡಿಯೋ ಬಾಡಿಗೆ, ಅಂಗಡಿಯವರ ಲಾಭ ಸೇರಿ ಬೆಲೆಯಾಗುತ್ತದೆ. ಡೌನ್‌ಲೋಡ್‌ನಲ್ಲಿ ಉಳಿಯುವುದು ಬಿಲ್ಲೆ, ಡಬ್ಬಿ, ಸಾಗಾಟದ ಹಣ ಮಾತ್ರ. 2003ರಲ್ಲಿ ಆಪಲ್ ಅಮೆರಿಕದಲ್ಲಿ ಹಾಡೊಂದಕ್ಕೆ 99 ಸೆಂಟ್‌ನಂತೆ ಮಾರಿತು. ಹನ್ನೆರಡು ಹಾಡು ಬಿಡಿಯಾಗಿ ಕೊಂಡರೆ ಸುಮಾರು 12 ಡಾಲರ್ ಆಗುತ್ತಿತ್ತು. ಒಂದೆರಡೇ ಹಾಡು ಸಾಕೆನ್ನುವವರಿಗಷ್ಟೇ ಅದು ನಿಜವಾಗಿ ಅಗ್ಗ.

‘ಎಂಪಿ3 ಸಿಡಿಯಾಗ ನೂರು ಹಾಡು, ಆಡಿಯೋ ಸಿಡಿಯಾಗ ಹತ್ತೇ, ಇದು ಮೋಸ’ ಎನ್ನುವವರೂ ಇದ್ದಾರೆ. ಮೋಸವೇನಿಲ್ಲ. ಆಡಿಯೋ ಸಿಡಿಯಲ್ಲಿ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್. ಸಾಮಾನ್ಯ ಎಂಪಿ3ಯಲ್ಲಿ 128. ಹನ್ನೊಂದರಲ್ಲಿ ಒಂದು ಪಾಲಷ್ಟೇ ಉಳಿದಾಗ, ಹಾಡುಗಳ ಸಂಖ್ಯೆ ಹೆಚ್ಚುವುದು ಸಹಜ.

ಆ್ಯಪ್‌ಗೆ ಚಂದಾ ಕಟ್ಟಿ ಡೌನ್‌ಲೋಡ್ ಮಾಡಿಕೊಂಡದ್ದು ‘ನಂದೇ’ ಎಂಬ ನಂಬಿಕೆ ಇನ್ನೂ ದುಬಾರಿಯಾದದ್ದು. ಅದು ಬಾಡಿಗೆ. ಚಂದಾ ನಿಂತರೆ ಆ ಡೌನ್‌ಲೋಡ್‌ಗಳೂ ನಿಲ್ಲುತ್ತವೆ. ಕೊಂಡ ಸಿಡಿ ಮಾತ್ರ ಮನೆಯಲ್ಲೇ ಇರುತ್ತದೆ, ಮಗಳಿಗೆ ಕೊಡಬಹುದು, ಮಾರಲೂಬಹುದು.

ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್‌ಗೆ ಹಾಡು ‘ತುಂಬಿಸಿಕೊಂಡು’ ಬರುವುದು ನಮ್ಮ ಭಾಗದಲ್ಲಿ ಮಾಮೂಲಿ. ಅಲ್ಲಿ ಕೊಟ್ಟ ರೊಕ್ಕದಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ‘ಹಳೆಯ ಪದ, ಯಾರ ಹಕ್ಕೂ ಇಲ್ಲ’ ಎಂಬ ಸಮಜಾಯಿಷಿ ಅರ್ಧ ಮಾತ್ರ ಸರಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಎಲ್ಲರದ್ದು, ಯಾರು ಬೇಕಾದರೂ ಹಾಡಬಹುದು. ಆದರೆ ಅದನ್ನು ಹಾಡಿಸಿ ಮುದ್ರಿಸಿದ ಧ್ವನಿಗೆ, ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇದೆ. ಅನುಮತಿ ಇಲ್ಲದೆ ನಕಲು ಮಾಡಿ ಮಾರಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ.

ದಿನಕ್ಕೊಂದು ಹೊಸ ಹಾಡು ಬೇಕೆನ್ನುವವರಿಗೆ ಚಂದಾ ಲಾಭ. ಮುದುಕರಾಗುವ ತನಕ ಕೇಳಬೇಕೆನ್ನುವ ಪದಗಳನ್ನು ಸಿಡಿಯಾಗಿಯೋ ಫೈಲ್ ಆಗಿಯೋ ಒಮ್ಮೆ ಕೊಂಡುಬಿಡಿ. ಹತ್ತು ವರ್ಷದ ಚಂದಾಕ್ಕಿಂತ ಅದು ಕಡಿಮೆಗೇ ಬೀಳುತ್ತದೆ.